ಬ್ಯೋರ್ಕ್ ಅವರ ‘ವೆಸ್ಪರ್ಟೀನ್’: ಪದೇ ಪದೇ ಕೇಳುವ ಪ್ರಶ್ನೆಗಳು

ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅವರ ‘ವೆಸ್ಪರ್ಟೀನ್’ ಆಲ್ಬಮನ್ನು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಬರುವ ಸ್ನೇಹಿತರಿಗೆ, ಅವರ ಮಕ್ಕಳಿಗೆ, ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ವರ್ಷಗಳಿಂದ ಕೇಳಿಸುತ್ತ ಬಂದಿದ್ದೇನೆ. ಎದುರಿಗೆ ಕೂತು ಕೇಳಿದ ಮತ್ತು ಆಮೇಲೆ ಮಂಡ್ಯ, ಮದ್ದೂರು, ಪಾಂಡವಪುರಗಳಿಂದ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಸಲ ಕೇಳುವವರಿಂದ

ಇದು ಯಾರ ಆಲ್ಬಂ ಸಾರ್? ಯಾವ ಕಾಲದ್ದು?

ಬ್ಯೋರ್ಕ್ 1965ರಲ್ಲಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹುಟ್ಟಿದವರು. ‘ಶುಗರ್‌ಕ್ಯೂಬ್ಸ್’ ಎಂಬ ತಂಡದಲ್ಲಿ ಹಾಡುತ್ತಿದ್ದು, 1993ರಿಂದ ತಮ್ಮದೇ ಹೆಸರಿನಲ್ಲಿ ಆಲ್ಬಂಗಳನ್ನು ತರತೊಡಗಿದರು. ‘ವೆಸ್ಪರ್ಟೀನ್’ 2001ರ ಆಗಸ್ಟ್ ಕೊನೆಯಲ್ಲಿ ಬಿಡುಗಡೆಯಾಯಿತು. ಇದರಲ್ಲಿ 12 ಟ್ರ್ಯಾಕ್‌ಗಳಿದ್ದು, ಒಟ್ಟು ಅವಧಿ ಸುಮಾರು 55 ನಿಮಿಷ. ‘ಫ್ರಾಸ್ಟಿ’ ಎಂಬ ಚಿಕ್ಕ ತುಣುಕಿನಲ್ಲಿ ಹಾಡುಗಾರಿಕೆಯಿಲ್ಲ, ವಾದ್ಯ ಮಾತ್ರ ಇದೆ. ಹಾಡುಗಳು ಇಂಗ್ಲಿಷಿನಲ್ಲಿವೆ. ಅಂಗಡಿಗಳಲ್ಲಿ ಇದನ್ನು ಎಲೆಕ್ಟ್ರಾನಿಕ್ ಪಾಪ್ ಎಂದು ವಿಂಗಡಿಸಿ ಇಡುತ್ತಾರೆ, ಆದರೆ ಆ ಹೆಸರು ಕೇಳಿ ಕುಣಿಸುವ ಸಂಗೀತವನ್ನು ನಿರೀಕ್ಷಿಸಿದವರಿಗೆ ಮೊದಲ ಹತ್ತು ನಿಮಿಷದಲ್ಲೇ ನಿರಾಸೆಯಾಗುತ್ತದೆ.

ಈಯಮ್ಮ ಯಾಕೆ ಉಸಿರು ಕಟ್ಟಿದೋರ ಥರ ಹಾಡ್ತಾರೆ? ಶ್ರುತಿ ತಪ್ಪಲ್ವಾ?

ತಪ್ಪುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ನೇರವಾಗಿ ಹೋಗದೆ ಜಾರಿಕೊಂಡು ಹೋಗುವುದರಿಂದ ಹಾಗೆ ಅನ್ನಿಸುತ್ತದೆ. ಹಿಂದಿನ ಆಲ್ಬಂಗಳಲ್ಲಿ ಬ್ಯೋರ್ಕ್ ಎದೆ ತುಂಬಿ ಕೂಗಿ ಹಾಡಿದ್ದರು, ಒಂದೊಂದು ಕಡೆ ದನಿ ಒಡೆಯುವವರೆಗೆ. ಇಲ್ಲಿ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಪಕ್ಕದ ಕೋಣೆಯಲ್ಲಿ ಮಲಗಿದವರು ಏಳಬಾರದು ಎಂಬಂತೆ ಹಾಡುತ್ತಾರೆ. ಸಾಮಾನ್ಯವಾಗಿ ರೆಕಾರ್ಡಿಂಗ್‌ನಲ್ಲಿ ಸಾಲು ಸಾಲಿನ ನಡುವಿನ ಉಸಿರನ್ನು ಕತ್ತರಿಸಿ ಹಾಕುತ್ತಾರೆ, ಇಲ್ಲಿ ಅದನ್ನು ಹಾಗೇ ಉಳಿಸಿಕೊಂಡಿರುವುದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ‘ಕಕೂನ್’ ಹಾಡಿನಲ್ಲಿ ತಾರಸ್ಥಾಯಿಯ ಸಾಲುಗಳು ಬಂದಾಗ ದನಿ ದಾರದಷ್ಟು ತೆಳುವಾಗಿ, ಕೆಲವು ಅಕ್ಷರಗಳಲ್ಲಿ ಬರಿಯ ಗಾಳಿಯಾಗಿ ಬಿಡುತ್ತದೆ. ಅದನ್ನು ದೌರ್ಬಲ್ಯವೆಂದು ಎಣಿಸುವವರು ಆ ಎತ್ತರದ ಸ್ವರವನ್ನು ಅಷ್ಟು ಮೆಲ್ಲಗೆ ಒಮ್ಮೆ ಹಾಡಿ ನೋಡಬೇಕು. ಜೋರಾಗಿ ಹಾಡುವುದು ಅದಕ್ಕಿಂತ ಎಷ್ಟೋ ಸುಲಭ.

ಹನ್ನೆರಡೂ ಕೇಳೋ ತಾಳ್ಮೆ ಇಲ್ಲ. ಒಂದೇ ಒಂದು ಹೇಳಿ.

‘ಪೇಗನ್ ಪೊಯೆಟ್ರಿ’. ಕಡೆಯ ಒಂದು ನಿಮಿಷವನ್ನು ಮಾತ್ರ ಬಿಡಬೇಡಿ: ವಾದ್ಯಗಳೆಲ್ಲ ಸರಿದುಹೋಗಿ, ಅವನನ್ನು ಪ್ರೀತಿಸುತ್ತೇನೆ ಎಂಬ ಒಂದೇ ಸಾಲನ್ನು ಅವರು ಒಬ್ಬರೇ ಮತ್ತೆ ಮತ್ತೆ ಹೇಳುತ್ತಾರೆ, ಆಮೇಲೆ ಹಿನ್ನೆಲೆಯ ದನಿಗಳು ಹೌದು, ಪ್ರೀತಿಸುತ್ತಾಳೆ ಎಂದು ಒಪ್ಪಿಕೊಳ್ಳುತ್ತವೆ.

ಫೋನಲ್ಲಿ ಕೇಳಿದ್ರೆ ಸಾಕಾ, ದೊಡ್ಡ ಸ್ಪೀಕರ್ ಬೇಕಾ?

ಈ ಪ್ರಶ್ನೆಯನ್ನು ಆಲ್ಬಂ ಮಾಡುವಾಗ ಬ್ಯೋರ್ಕ್ ಅವರೇ ಕೇಳಿಕೊಂಡಿದ್ದರು. ಅದು ನ್ಯಾಪ್‌ಸ್ಟರ್‌ನ ಕಾಲ. ಜನ ಹಾಡುಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರುಗಳಲ್ಲಿ ಕೇಳಲು ಶುರು ಮಾಡಿದ್ದರು. ಹೇಗೂ ಹಾಗೆ ಕೇಳುತ್ತಾರೆಂದ ಮೇಲೆ ಅದರಲ್ಲೂ ಕೆಡದಂಥ ವಾದ್ಯಗಳನ್ನು ಆರಿಸಿಕೊಂಡೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ ಹಾರ್ಪ್, ಗಂಟೆಯಂತೆ ನುಡಿಯುವ ಸೆಲೆಸ್ಟಾ, ಮ್ಯೂಸಿಕ್ ಬಾಕ್ಸ್‌ಗಳು ಬಂದದ್ದು ಹೀಗೆ. ಈ ವಾದ್ಯಗಳ ಜೀವಾಳ ಮಧ್ಯಮ ಮತ್ತು ತಾರಸ್ಥಾಯಿಗಳಲ್ಲಿದೆ, ಚಿಕ್ಕ ಸ್ಪೀಕರ್ ನುಂಗಿಹಾಕುವುದು ಕೆಳಗಿನ ಸ್ಥಾಯಿಯನ್ನು. ಹಾಗಾಗಿ ಫೋನಿನಲ್ಲೂ ಹಾಡಿನ ಬಹುಪಾಲು ಉಳಿಯುತ್ತದೆ.

ಆದರೆ ಈ ಲೆಕ್ಕ ಪೂರ್ತಿ ಸರಿ ಎಂದು ನಾನು ಹೇಳಲಾರೆ. ತೀರಾ ಕುಗ್ಗಿಸಿದ ಎಂಪಿ3 ಕಡತದಲ್ಲಿ ಮೀಟಿದ ನಾದದ ಮೊದಲ ಚುರುಕೇ ಮಸುಕಾಗುತ್ತದೆ, ಈ ಆಲ್ಬಮಿನ ಸೊಗಸು ಇರುವುದು ಆ ಚುರುಕಿನಲ್ಲಿ. ‘ಹಿಡನ್ ಪ್ಲೇಸ್’ ಹಾಡಿನ ಕೆಳಗೆ ಹರಿಯುವ ದಪ್ಪ ಬೇಸ್ ಕೂಡ ಫೋನಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಾಧಾರಣ ಹೆಡ್‌ಫೋನ್ ಒಂದು ಸಾಕು. ಕೇಳುವ ಆ್ಯಪಿನಲ್ಲಿ ಗುಣಮಟ್ಟವನ್ನು ಮೇಲಿನ ಹಂತಕ್ಕೆ ಇಟ್ಟುಕೊಂಡು, ವಾಲ್ಯೂಮ್ ಕಡಿಮೆ ಮಾಡಿ, ಸೀಲಿಂಗ್ ಫ್ಯಾನ್ ಆರಿಸಿ ಕೇಳಿ. ಫ್ಯಾನ್ ಓಡುತ್ತಿದ್ದರೆ ಈ ಆಲ್ಬಮಿನ ತಾಳದಲ್ಲಿ ಅರ್ಧ ಅದರ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಮೈಸೂರಿನಲ್ಲಿ ಕೂತು ಇಂಥದ್ದನ್ನೆಲ್ಲ ಯಾಕೆ ಕೇಳಬೇಕು? ನಮ್ಮಲ್ಲಿ ಸಂಗೀತಕ್ಕೆ ಬರವೇ?

ಬರವಿಲ್ಲ. ವೀಣೆ ಶೇಷಣ್ಣನವರ ಊರಿನಲ್ಲಿದ್ದುಕೊಂಡು ಬರದ ಮಾತಾಡಿದರೆ ಯಾರೂ ಒಪ್ಪುವುದಿಲ್ಲ. ಆದರೆ ಇದೇ ಊರಿನ ಜಯಚಾಮರಾಜ ಒಡೆಯರ್, ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬದುಕುತ್ತಿದ್ದ ನಿಕೊಲಾಯ್ ಮೆಡ್ನರ್ ಎಂಬ ಸಂಗೀತಕಾರನ ರಚನೆಗಳನ್ನು 1940ರ ದಶಕದ ಕೊನೆಯಲ್ಲಿ ತಮ್ಮ ಹಣದಿಂದ ರೆಕಾರ್ಡ್ ಮಾಡಿಸಿದರು. ಮೆಡ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸೆರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾನೆ. ಮುತ್ತುಸ್ವಾಮಿ ದೀಕ್ಷಿತರ ದಾರಿಯಲ್ಲಿ ಕೃತಿಗಳನ್ನು ರಚಿಸಿದ ದೊರೆಯೇ ಇದನ್ನೂ ಮಾಡಿದರು, ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

## ಎರಡು ಮೂರು ಸಲ ಕೇಳಿದವರಿಂದ

ಡ್ರಮ್ಮೇ ಇಲ್ವಲ್ಲ, ಆ ಚಟಪಟ ಸದ್ದೇನು? ನಮ್ಮ ಸ್ಪೀಕರ್ ಕೆಟ್ಟಿದ್ಯಾ?

ಸ್ಪೀಕರ್ ಚೆನ್ನಾಗಿದೆ. ಆ ಚಟಪಟವೇ ತಾಳ.

ಆ ಹೊತ್ತಿಗೆ ಯೂರೋಪಿನ ಕೆಲವು ಎಲೆಕ್ಟ್ರಾನಿಕ್ ಸಂಗೀತಗಾರರು ಕೆಟ್ಟ ಸಿ.ಡಿ.ಯ ತೊದಲು, ವಿದ್ಯುತ್ತಿನ ಗುಂಯ್, ರೆಕಾರ್ಡಿಂಗ್‌ನ ಕೊನೆಯ ಚುಕ್ಕಿ ಸದ್ದು ಇಂಥ ಎಸೆಯಬೇಕಾದ ಚೂರುಗಳಿಂದಲೇ ತಾಳ ಕಟ್ಟುತ್ತಿದ್ದರು. ಬ್ಯೋರ್ಕ್ ಅದನ್ನು ಮನೆಯೊಳಕ್ಕೆ ತಂದರು. ಈ ಆಲ್ಬಮಿಗೆ ಕೆಲಸದ ಹೊತ್ತಿನಲ್ಲಿ ಇಟ್ಟುಕೊಂಡಿದ್ದ ಹೆಸರೂ ಮನೆಗೆ ಸಂಬಂಧಿಸಿದ್ದೇ, ‘ಡೊಮೆಸ್ಟಿಕಾ’. ಇಸ್ಪೀಟ್ ಎಲೆ ಕಲಸುವ ಸದ್ದು, ಮಂಜುಗಡ್ಡೆ ಒಡೆಯುವ ಸದ್ದು, ಹಿಮದ ಮೇಲೆ ಕಾಲಿಟ್ಟಾಗ ಆಗುವ ಕರಕರ, ಇವನ್ನೆಲ್ಲ ಹಿಡಿದು, ಕ್ಷಣದ ಒಂದಂಶಕ್ಕೆ ಕತ್ತರಿಸಿ, ಡ್ರಮ್ಮಿನ ಜಾಗದಲ್ಲಿ ಕೂಡಿಸಿದ್ದಾರೆ. ‘ಅರೋರಾ’ ಹಾಡಿನ ಲಯವನ್ನು ಗಮನಿಸಿದರೆ ಆ ಹೆಜ್ಜೆಗಳು ಸಿಗುತ್ತವೆ.

‘ಕಕೂನ್’ನಲ್ಲಿ ಇದು ಇನ್ನೂ ಸೂಕ್ಷ್ಮ. ಆ ಹಾಡಿಗೆ ಜೊತೆಯಾದವರು ಡೆನ್ಮಾರ್ಕಿನ ಥಾಮಸ್ ಕ್ನಾಕ್. ಬೇಸ್ ತೀರಾ ಮೃದುವಾಗಿ ಉರುಳುತ್ತಿರುತ್ತದೆ, ಅದರ ಮೇಲೆ ಹಳೆಯ ಗ್ರಾಮಫೋನ್ ತಟ್ಟೆಯ ಸರಸರದಂಥ ಚುಕ್ಕಿಗಳು ಬೀಳುತ್ತವೆ, ಗಾಯಕಿಯ ಬಾಯಿಯ ಸದ್ದು ಎಲ್ಲಿ ಮುಗಿಯಿತು, ಯಂತ್ರದ ಸದ್ದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಇಡೀ ಆಲ್ಬಮಿನಲ್ಲಿ ನನಗೆ ಮುಖ್ಯವೆನಿಸುವುದು ಇದು. ಇಲ್ಲಿ ಪ್ರಯೋಗ ಬೇರೆ, ಆಪ್ತತೆ ಬೇರೆ ಆಗಿಲ್ಲ. ಸದ್ದನ್ನು ಅಷ್ಟು ಚಿಕ್ಕದು ಮಾಡಿದ್ದರಿಂದಲೇ ದನಿ ಅಷ್ಟು ಹತ್ತಿರ ಬರಲು ಸಾಧ್ಯವಾಯಿತು. ಜೋರಾದ ಡ್ರಮ್ ಇದ್ದಿದ್ದರೆ ಹಾಡುವವರೂ ಅದಕ್ಕೆ ತಕ್ಕಂತೆ ದನಿ ಏರಿಸಬೇಕಾಗುತ್ತಿತ್ತು.

ಗಂಟೆ ಥರ ಟಿಣ್ ಅಂತಿರೋದು ಯಾವ ವಾದ್ಯ?

ಒಂದಲ್ಲ, ಹಲವು. ಸೆಲೆಸ್ಟಾ ನೋಡಲು ಪುಟ್ಟ ಪಿಯಾನೊ. ಅದರ ಮನೆ (ಕೀ) ಒತ್ತಿದಾಗ ಒಳಗೆ ಸುತ್ತಿಗೆ ಬಡಿಯುವುದು ತಂತಿಗಲ್ಲ, ಉಕ್ಕಿನ ಪಟ್ಟಿಗೆ. ಪ್ಯಾರಿಸ್ಸಿನಲ್ಲಿ 1886ರಲ್ಲಿ ಇದಕ್ಕೆ ಹಕ್ಕುಪತ್ರ ಸಿಕ್ಕಿತು. ಹಾರ್ಪ್ ನುಡಿಸಿದವರು ಅಮೆರಿಕದ ಜೀನಾ ಪಾರ್ಕಿನ್ಸ್.

ಮ್ಯೂಸಿಕ್ ಬಾಕ್ಸಿನ ಕತೆ ಸ್ವಾರಸ್ಯವಾಗಿದೆ. ಕೀ ಕೊಟ್ಟರೆ ಒಳಗಿನ ಉರುಳೆಯೋ ತಟ್ಟೆಯೋ ತಿರುಗಿ, ಅದರ ಮೊನೆಗಳು ಬಾಚಣಿಗೆಯಂಥ ಉಕ್ಕಿನ ಹಲ್ಲುಗಳನ್ನು ಮೀಟುವ ಪೆಟ್ಟಿಗೆ ಅದು. ಬ್ಯೋರ್ಕ್ ತಮ್ಮ ಸ್ವರಗಳನ್ನೇ ಕೆತ್ತಿಸಿ ಇಂಥ ಪೆಟ್ಟಿಗೆಗಳನ್ನು ಮಾಡಿಸಿಕೊಂಡರು. ಮಾಡುವವರು ಮರದ ಪೆಟ್ಟಿಗೆಯಲ್ಲಿ ನಾದ ಬೆಚ್ಚಗಿರುತ್ತದೆ ಎಂದರೂ ಕೇಳದೆ ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಮಾಡಿಸಿದರು, ಅವರಿಗೆ ಬೇಕಾಗಿದ್ದದ್ದು ಹೆಪ್ಪುಗಟ್ಟಿದಂಥ ಗಡುಸು ನಾದ. ‘ಫ್ರಾಸ್ಟಿ’ ಪೂರ್ತಿಯಾಗಿ ಅದರದ್ದೇ, ‘ಪೇಗನ್ ಪೊಯೆಟ್ರಿ’ಯಲ್ಲಿಯೂ ಅದು ಧಾರಾಳವಾಗಿ ಕೇಳಿಸುತ್ತದೆ.

ವೀಣೆ ಕಲಿತವರು ಮಾತ್ರ ಪಿಯಾನೊದಂತೆ ಮನೆ ಒತ್ತಿ ನುಡಿಸುವ ಕ್ಲಾವಿಕಾರ್ಡ್ ಎಂಬ ಹಳೆಯ ತಂತಿವಾದ್ಯದ ಕಡೆಗೆ ಕಿವಿ ಕೊಡಬೇಕು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದು ವಾಪಸು ಬಿದ್ದುಬಿಡುತ್ತದೆ, ಆಮೇಲೆ ವಾದಕನ ಬೆರಳಿಗೂ ನಾದಕ್ಕೂ ಸಂಬಂಧವಿಲ್ಲ. ಕ್ಲಾವಿಕಾರ್ಡ್‌ನಲ್ಲಿ ಮನೆಯ ತುದಿಯ ಹಿತ್ತಾಳೆಯ ತುಂಡು ತಂತಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ಬೆರಳನ್ನು ಇನ್ನಷ್ಟು ಒತ್ತಿ ಸಡಿಲಿಸಿದರೆ ತಂತಿ ಬಿಗಿಯಾಗಿ ಸಡಿಲವಾಗಿ ಸ್ವರ ತೂಗಾಡುತ್ತದೆ. ಮೆಟ್ಟಿನ ಮೇಲೆ ತಂತಿ ಎಳೆದು ಗಮಕ ತೆಗೆಯುವ ತತ್ವಕ್ಕೆ ಇದು ಹತ್ತಿರ. ಇದರ ಸದ್ದು ಎಷ್ಟು ಮೆಲ್ಲಗೆ ಎಂದರೆ ದೊಡ್ಡ ಸಭಾಂಗಣದಲ್ಲಿ ಮೂರನೆಯ ಸಾಲಿಗೂ ಮುಟ್ಟುವುದಿಲ್ಲ. ಮೈಕ್ ಹತ್ತಿರವಿಟ್ಟು ರೆಕಾರ್ಡ್ ಮಾಡಿದಾಗ ಮಾತ್ರ ಅದರ ಪೂರ್ಣ ಬಣ್ಣ ಕಾಣುತ್ತದೆ, ಈ ಆಲ್ಬಮಿಗೆ ಅದು ಒದಗಿ ಬಂದದ್ದು ಅದರಿಂದಲೇ.

ಎಲೆಕ್ಟ್ರಾನಿಕ್ ಅಂದ್ರಿ, ಇಷ್ಟು ಜನ ಒಟ್ಟಿಗೆ ಹಾಡ್ತಿದ್ದಾರಲ್ಲ?

ತಂತಿವಾದ್ಯಗಳ ವೃಂದವೂ ಸಮೂಹಗಾಯನವೂ ಇದರಲ್ಲಿವೆ. ವೃಂದದ ಸಂಯೋಜನೆಯಲ್ಲಿ ವಿನ್ಸ್ ಮೆಂಡೋಜ಼ಾ ಅವರ ಕೈಯಿದೆ. ಅಷ್ಟು ಮೆಲ್ಲನೆಯ ಹಾಡಿಗೆ ಅಷ್ಟು ದೊಡ್ಡ ಗುಂಪು ಯಾಕೆ ಎಂದು ‘ಅನ್‌ಡೂ’ ಕೇಳಿದರೆ ತಿಳಿಯುತ್ತದೆ: ಗಾಯಕಿ ದನಿ ಏರಿಸುವುದೇ ಇಲ್ಲ, ಅವರ ಹಿಂದೆ ಗುಂಪು ದೊಡ್ಡದಾಗುತ್ತ ಹೋಗುತ್ತದೆ. 2001ರ ಪ್ರವಾಸದಲ್ಲಿ ಗ್ರೀನ್‌ಲ್ಯಾಂಡಿನ ಇನೂಯಿಟ್ ಹೆಣ್ಣುಮಕ್ಕಳ ಗಾಯನ ತಂಡ ಅವರ ಜೊತೆಗಿತ್ತು. ಕ್ರೀಡಾಂಗಣಗಳನ್ನು ಬಿಟ್ಟು ಒಪೆರಾ ಮಂದಿರಗಳನ್ನೂ ರಂಗಮಂದಿರಗಳನ್ನೂ ಆರಿಸಿಕೊಂಡ ಪ್ರವಾಸ ಅದು. ಲಂಡನ್ನಿನ ರಾಯಲ್ ಒಪೆರಾ ಹೌಸಿನ ಕಛೇರಿ ಡಿ.ವಿ.ಡಿ.ಯಾಗಿಯೂ ಬಂದಿದೆ.

ಮಗಳು ಕೇಳ್ತಿದ್ದಾಳೆ. ಅಶ್ಲೀಲ ಅಂತಾರೆ, ನಿಜವೇ?

ಹಾಡುಗಳಲ್ಲಿ ದೇಹದ ಪ್ರೀತಿಯ ಮಾತು ಮುಚ್ಚುಮರೆಯಿಲ್ಲದೆ ಬರುತ್ತದೆ, ‘ಕಕೂನ್’ನಲ್ಲಿ ವಿಶೇಷವಾಗಿ. ಮಗಳಿಗೆ ಹದಿನೆಂಟು ತುಂಬಿದ್ದರೆ ಅದು ಅವಳ ಆಯ್ಕೆ. ಚಿಕ್ಕವಳಾಗಿದ್ದರೆ ಹಾಡುಗಳ ಚಿಂತೆ ಬೇಡ, ವಿಡಿಯೋಗಳನ್ನು ಮಾತ್ರ ದೂರವಿಡಿ. ನಿಕ್ ನೈಟ್ ನಿರ್ದೇಶಿಸಿದ ‘ಪೇಗನ್ ಪೊಯೆಟ್ರಿ’ ವಿಡಿಯೋದಲ್ಲಿ ನಗ್ನತೆಯೂ, ಚರ್ಮಕ್ಕೆ ಸೂಜಿಯಿಂದ ಮುತ್ತು ಪೋಣಿಸುವ ದೃಶ್ಯಗಳೂ ಇವೆ. ದೊಡ್ಡವರಿಗೂ ಅದನ್ನು ನೋಡಲು ಮನಸ್ಸು ಗಟ್ಟಿ ಬೇಕು.

ಅಶ್ಲೀಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಂಡ್ಯ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟಿಸಿದ ದಾಂಪತ್ಯದ ಕವಿತೆಗಳನ್ನು ನಾವು ಮದುವೆ ಮನೆಗಳಲ್ಲೇ ಹಾಡಿಸುತ್ತೇವೆ. ಗಂಡ ಹೆಂಡಿರ ಸರಸವನ್ನು ಮನೆಯ ಸಣ್ಣಪುಟ್ಟ ವಸ್ತುಗಳ ನಡುವೆ ಇಟ್ಟು ಹೇಳುವುದು ನಮಗೆ ಹೊಸದಲ್ಲ. ಒಂದು ವ್ಯತ್ಯಾಸ ಉಂಟು: ನಮ್ಮ ಕವಿ ಬಾಗಿಲ ಬಳಿ ನಿಂತುಬಿಡುತ್ತಾರೆ, ಈಕೆ ಒಳಗೆ ಕೂತೇ ಹೇಳುತ್ತಾರೆ. ಯಾವುದು ಹಿಡಿಸುತ್ತದೆ ಎಂಬುದು ಅವರವರಿಗೆ ಬಿಟ್ಟದ್ದು.

ಹಂಸದ ಡ್ರೆಸ್ ಹಾಕ್ಕೊಂಡು ಆಸ್ಕರ್‌ಗೆ ಹೋಗಿದ್ದವರು ಇವರೇನಾ?

ಇವರೇ. 2001ರ ಮಾರ್ಚ್‌ನಲ್ಲಿ, ಮರ್ಯಾನ್ ಪೆಯೊಸ್ಕಿ ವಿನ್ಯಾಸ ಮಾಡಿದ ಉಡುಪು ಅದು. ಆಲ್ಬಮಿನ ಮುಖಪುಟದಲ್ಲಿಯೂ ಅದನ್ನೇ ಧರಿಸಿದ್ದಾರೆ. ಪತ್ರಿಕೆಗಳು ಉಡುಪಿನ ಬಗ್ಗೆ ಬರೆದಷ್ಟನ್ನು ಹಾಡಿನ ಬಗ್ಗೆ ಬರೆಯಲಿಲ್ಲ ಎಂಬುದು ನನ್ನ ಹಳೆಯ ದೂರು.

## ಒಳಹೊಕ್ಕು ಕೇಳುವವರಿಂದ

1997ರ ‘ಹೊಮೊಜೆನಿಕ್’ ಬೆಂಕಿ ಥರ ಇತ್ತು. ಆಮೇಲೆ ಇಷ್ಟು ತಣ್ಣಗಾಗಿದ್ದು ಯಾಕೆ?

ಆ ಆಲ್ಬಮಿನಲ್ಲಿ ಜ್ವಾಲಾಮುಖಿಯ ನಾಡಿನ ಸಿಡಿತವನ್ನು ತಾಳಕ್ಕೆ ತರುವುದು ಅವರ ಉದ್ದೇಶವಾಗಿತ್ತು. ಆಮೇಲೆ ಲಾರ್ಸ್ ಫಾನ್ ಟ್ರೀರ್ ಅವರ ಚಿತ್ರವೊಂದರಲ್ಲಿ ನಾಯಕಿಯಾಗಿ ನಟಿಸಿ, ಅದರ ಸಂಗೀತವನ್ನೂ ಮಾಡಿ, 2000ದಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಆ ಚಿತ್ರೀಕರಣ ಅವರಿಗೆ ಹಿಂಸೆಯಾಯಿತು. ಹಗಲೆಲ್ಲ ಇನ್ನೊಬ್ಬಳ ದುರಂತವನ್ನು ಕಿರುಚಿ ನಟಿಸಿ, ತಮಗಾಗಿ ಬರೆದುಕೊಂಡ ಹಾಡುಗಳು ಕೋಣೆಯ ಅಳತೆಗೆ ಇಳಿದದ್ದು ಸಹಜವೇ. ಅದೇ ಕಾಲದಲ್ಲಿ ಕಲಾವಿದ ಮ್ಯಾಥ್ಯೂ ಬಾರ್ನಿಯೊಂದಿಗೆ ಪ್ರೀತಿ ಶುರುವಾಯಿತು. ತಣ್ಣಗೆ ಎಂಬ ಮಾತು ಮಾತ್ರ ಸರಿಯಲ್ಲ. ಹಿಮ ಇರುವುದು ಕಿಟಕಿಯ ಆಚೆಗೆ, ಹಾಡುವವರು ಒಳಗೆ ಬೆಚ್ಚಗಿದ್ದಾರೆ.

ಮ್ಯಾಟ್ಮೋಸ್‌ನವರೇ ಬೀಟ್ಸ್ ಮಾಡಿದ್ದಂತೆ. ಹಾಗಾದ್ರೆ ಇವರ ಪಾಲೇನು?

ಈ ಪ್ರಶ್ನೆ ಕೇಳುವವರು ಬಹುತೇಕ ಹುಡುಗರು, ಅದೂ ಎಂಜಿನಿಯರಿಂಗ್ ಕಾಲೇಜಿನವರು. ಮ್ಯಾಟ್ಮೋಸ್ ಎಂಬುದು ಅಮೆರಿಕದ ಡ್ರೂ ಡೇನಿಯಲ್ ಮತ್ತು ಎಂ.ಸಿ. ಶ್ಮಿಟ್ ಅವರ ಜೋಡಿ. ಶಸ್ತ್ರಚಿಕಿತ್ಸೆಯ ಸದ್ದುಗಳಿಂದಲೇ 2001ರಲ್ಲಿ ಒಂದು ಆಲ್ಬಂ ಮಾಡಿದ ನಿಪುಣರು. ಅವರ ಕೊಡುಗೆಯ ಬಗ್ಗೆ ಅನುಮಾನವಿಲ್ಲ. ಆದರೆ 2015ರಲ್ಲಿ ‘ಪಿಚ್‌ಫೋರ್ಕ್’ ಎಂಬ ಸಂಗೀತ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಬ್ಯೋರ್ಕ್ ಇದನ್ನು ಬಿಡಿಸಿ ಹೇಳಿದ್ದಾರೆ. ಆಲ್ಬಮಿನ ತಾಳಗಳಲ್ಲಿ ಶೇಕಡಾ 80ರಷ್ಟನ್ನು ಅವರೇ ಮಾಡಿದ್ದು, ಆ ಕಸೂತಿಯಂಥ ಕೆಲಸಕ್ಕೆ ಮೂರು ವರ್ಷ ಹಿಡಿದಿದ್ದು, ಮ್ಯಾಟ್ಮೋಸ್ ಬಂದದ್ದು ಕೊನೆಯ ಎರಡು ವಾರಗಳಲ್ಲಿ. ಹಾಗಿದ್ದೂ ಇಡೀ ಆಲ್ಬಂ ಅವರದೇ ಎಂಬಂತೆ ಎಲ್ಲೆಡೆ ಬರೆದರು.

ಇದರಲ್ಲಿ ಆಶ್ಚರ್ಯವೇನಿಲ್ಲ. ಹೆಂಗಸಿನ ಹೆಸರು ದನಿಯ ಮುಂದೆ, ಗಂಡಸಿನ ಹೆಸರು ಯಂತ್ರದ ಮುಂದೆ ಎಂದು ನಮ್ಮ ತಲೆಯಲ್ಲಿ ಮೊದಲೇ ಬರೆದಿಟ್ಟುಕೊಂಡಿರುತ್ತೇವೆ. ಕನ್ನಡ ಚಿತ್ರಗೀತೆಗಳಲ್ಲಿ ನೂರಾರು ಗಾಯಕಿಯರ ಹೆಸರು ಹೇಳಬಲ್ಲ ನಮಗೆ ಸಂಗೀತ ನಿರ್ದೇಶಕಿಯರ ಹೆಸರು ಹೇಳಿ ಎಂದರೆ ಬೆರಳು ಮಡಿಚಲು ಹೊತ್ತಾಗುತ್ತದೆ. ಜೊತೆಗಾರರ ಪಾಲು ನಿಜವಾಗಿ ದೊಡ್ಡದಿರುವ ಹಾಡುಗಳೂ ಇವೆ: ‘ಏರ್‌ಲೂಮ್’ ಜರ್ಮನಿಯ ಕನ್ಸೋಲ್ ಎಂಬ ಸಂಗೀತಗಾರ ಮೊದಲೇ ಮಾಡಿದ್ದ ಒಂದು ಟ್ರ್ಯಾಕಿನ ಮೇಲೆ ನಿಂತಿದೆ. ಅದನ್ನು ಯಾರೂ ಮುಚ್ಚಿಟ್ಟಿಲ್ಲ.

ಸಾಹಿತ್ಯ ಎಲ್ಲಾ ಇವರದ್ದೇನಾ?

ಬಹುಪಾಲು. ‘ಸನ್ ಇನ್ ಮೈ ಮೌತ್’ ಅಮೆರಿಕದ ಕವಿ ಇ.ಇ. ಕಮಿಂಗ್ಸ್ ಅವರ ಕವಿತೆ, ‘ಹಾರ್ಮ್ ಆಫ್ ವಿಲ್’ ಚಿತ್ರನಿರ್ದೇಶಕ ಹಾರ್ಮನಿ ಕೊರಿನ್ ಬರೆದದ್ದು, ‘ಆ್ಯನ್ ಎಕೋ, ಅ ಸ್ಟೇನ್’ ಬ್ರಿಟನ್ನಿನ ನಾಟಕಕಾರ್ತಿ ಸಾರಾ ಕೇನ್ ಅವರ ನಾಟಕವೊಂದರಿಂದ ಹುಟ್ಟಿದ್ದು. ಕೊನೆಗೆ ಹೇಳಿದ ಈ ಹಾಡೊಂದರಲ್ಲಿ ಮಾತ್ರ ಭಯದ ನೆರಳಿದೆ. ಆಲ್ಬಮಿನ ಸಿಹಿ ಅತಿಯಾಯಿತು ಎನ್ನಿಸದಂತೆ ಕಾಯುವುದು ಅದೇ.

ಕರ್ನಾಟಕ ಸಂಗೀತ ಕಲಿತಿದ್ದೇನೆ. ಯಾವ ರಾಗ ಅಂತ ಹಿಡಿಯಬಹುದೇ?

ಹಿಡಿಯಲು ಹೋಗಬೇಡಿ. ಇಲ್ಲಿ ಸ್ವರಗಳ ಕೆಳಗೆ ಆಧಾರ ಷಡ್ಜ ನಿಂತಿರುವುದಿಲ್ಲ, ಸ್ವರಮೇಳಗಳು ಬದಲಾದಂತೆ ನೆಲವೇ ಸರಿಯುತ್ತದೆ. ನಿಮ್ಮ ಕಲಿಕೆ ಉಪಯೋಗಕ್ಕೆ ಬರುವುದು ಬೇರೆ ಕಡೆ. ಗಾಯಕಿ ತಾಳದ ಪೆಟ್ಟಿಗೆ ಸರಿಯಾಗಿ ಸಾಲು ಎತ್ತುವುದು ಅಪರೂಪ. ಸ್ವಲ್ಪ ಮುಂಚೆ ಅಥವಾ ಸ್ವಲ್ಪ ತಡೆದು ಎತ್ತುತ್ತಾರೆ, ಮಾತಾಡುವವರು ಯೋಚಿಸಿ ಮಾತು ಎತ್ತಿದ ಹಾಗೆ. ಎಡುಪಿನ (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗದ) ಅಭ್ಯಾಸವಿರುವ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ. ‘ಯೂನಿಸನ್’ ಹಾಡಿನ ಪಲ್ಲವಿ ಪ್ರತಿ ಸಲ ಬಂದಾಗಲೂ ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ, ದನಿ ಎಲ್ಲೆಲ್ಲಿ ಜಾರುತ್ತದೆ ನೋಡಿ.

ಮಂಡ್ಯದ ಹತ್ತಿರ ಹಳ್ಳಿ ನಮ್ದು. ಸ್ಟುಡಿಯೋ ಇಲ್ಲ. ಇಂಥ ಬೀಟ್ ನಾವೂ ಮಾಡಬಹುದಾ ಅಣ್ಣ?

ಖಂಡಿತ ಮಾಡಬಹುದು, ಫೋನು ಮತ್ತು ‘ಆಡಾಸಿಟಿ’ಯಂಥ ಉಚಿತ ಸಾಫ್ಟ್‌ವೇರ್ ಸಾಕು. ನಿಮ್ಮಲ್ಲಿ ಕಬ್ಬಿನ ತರಗು ಬೇಕಾದಷ್ಟಿದೆ. ಗದ್ದೆಯಲ್ಲೇ ರೆಕಾರ್ಡ್ ಮಾಡಿದರೆ ಗಾಳಿಯ ಸದ್ದು ಎಲ್ಲವನ್ನೂ ಮುಚ್ಚುತ್ತದೆ, ಆದ್ದರಿಂದ ಒಂದು ಹಿಡಿ ಮನೆಗೆ ತನ್ನಿ. ಹಾಸಿಗೆ ಬಟ್ಟೆ ಇರುವ ಕೋಣೆಯಲ್ಲಿ ಫೋನಿನ ಮೈಕಿನಿಂದ ನಾಲ್ಕು ಬೆರಳು ದೂರದಲ್ಲಿ ಒಂದು ಒಣಗರಿಯನ್ನು ಉದ್ದಕ್ಕೆ ನಿಧಾನವಾಗಿ ಸೀಳಿ. ಮೊದಲು ಒಂದು ಚುರುಕಾದ ಚಿಟ್, ಆಮೇಲೆ ಪುಡಿ ಉದುರುವಂಥ ಚರಚರ ಬರುತ್ತದೆ.

ಕಂಪ್ಯೂಟರಿಗೆ ಹಾಕಿಕೊಂಡು ಮೊದಲು 300 ಹರ್ಟ್ಸ್‌ನ ಕೆಳಗಿನದನ್ನು ಕತ್ತರಿಸಿಬಿಡಿ, ಗುಂಯ್‌ಗುಡುವುದೆಲ್ಲ ಹೋಗುತ್ತದೆ. ಆ ಚಿಟ್ ಭಾಗವನ್ನು ಸುಮಾರು 40 ಮಿಲಿಸೆಕೆಂಡಿನಷ್ಟು ಮಾತ್ರ ಉಳಿಸಿ, ಎರಡೂ ತುದಿಯಲ್ಲಿ ಒಂದೆರಡು ಮಿಲಿಸೆಕೆಂಡಿನ ಏರಿಳಿತ (ಫೇಡ್) ಕೊಡಿ. ಕೊಡದಿದ್ದರೆ ಕತ್ತರಿಸಿದ ಜಾಗದಲ್ಲಿ ಬೇಡದ ಟಕ್ ಸದ್ದು ಬರುತ್ತದೆ. ಉಳಿದ ಚರಚರವನ್ನು ಅರ್ಧ ವೇಗಕ್ಕೆ ಇಳಿಸಿದರೆ ಯಾರೋ ಉಸಿರೆಳೆದಂತೆ ಕೇಳಿಸುತ್ತದೆ. ಹಿಮದ ಹೆಜ್ಜೆ ಬೇಕೆಂದರೆ ಚೀಲದಲ್ಲಿ ಕಲ್ಲುಪ್ಪು ಹಾಕಿ ಹಿಸುಕಿ. ಇವನ್ನು ನಿಮಿಷಕ್ಕೆ 80 ಪೆಟ್ಟಿನ ಲಯದಲ್ಲಿ ಜೋಡಿಸಿ, ಎಲ್ಲವೂ ಗೆರೆ ಹೊಡೆದಂತೆ ಕೂರದ ಹಾಗೆ ಕೆಲವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ, ಒಂದನ್ನು ಎಡಕ್ಕೆ ಇನ್ನೊಂದನ್ನು ಬಲಕ್ಕೆ ಇಡಿ. ಎಷ್ಟು ಪದರ ಮಾಡಿದರೂ ಹಾಡುವ ದನಿಗಿಂತ ಕೆಳಗೇ ಇರಲಿ. ಮೊದಮೊದಲು ಎಲ್ಲರೂ ಕೆಡಿಸುವುದು ಅಲ್ಲೇ, ಕಷ್ಟಪಟ್ಟು ಮಾಡಿದ ಸದ್ದು ಎಲ್ಲರಿಗೂ ಕೇಳಲಿ ಎಂದು ಜೋರು ಮಾಡಿಬಿಡುತ್ತಾರೆ.

ಇದಾದ ಮೇಲೆ ಅವರದ್ದು ಏನು ಕೇಳ್ಲಿ?

2004ರ ‘ಮೆಡುಲ್ಲಾ’. ಅದರಲ್ಲಿ ತಾಳದಿಂದ ಬೇಸ್‌ವರೆಗೆ ಬಹುತೇಕ ಎಲ್ಲವೂ ಮನುಷ್ಯರ ಬಾಯಿಂದಲೇ ಬಂದದ್ದು, ಇನೂಯಿಟ್ ಗಂಟಲ ಗಾಯಕಿ ತಾನ್ಯಾ ತಗಾಕ್ ಕೂಡ ಇದ್ದಾರೆ. 2015ರ ‘ವಲ್ನಿಕ್ಯೂರಾ’ವನ್ನು ಸ್ವಲ್ಪ ದಿನ ತಡೆದು ಕೇಳಿ. ‘ವೆಸ್ಪರ್ಟೀನ್’ನಲ್ಲಿ ಶುರುವಾದ ಅದೇ ಸಂಬಂಧ ಮುರಿದುಬಿದ್ದ ಕತೆ ಅದರಲ್ಲಿದೆ, ಎರಡನ್ನೂ ಒಂದೇ ವಾರದಲ್ಲಿ ಕೇಳುವುದು ಬೇಡ.